ಗೆಲುವೇ ಮುಳುವಾದ ಉಡುಪು, ಹೆಸರೇ ಆಸರೆಯಾದ ಉದ್ಯಮ
ಅಮೆರಿಕದ ವಸ್ತ್ರವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ ಅವರ ಬದುಕು ಮತ್ತು ಬಳುವಳಿ

ನಷ್ಟಕ್ಕೆ ಸಿಲುಕಿ ಬಾಗಿಲು ಮುಚ್ಚಿದ ಸಂಸ್ಥೆಗಳ ವೃತ್ತಾಂತ ವಾಣಿಜ್ಯ ಲೋಕಕ್ಕೆ ಹೊಸದಲ್ಲ. ಆದರೆ ತಾನು ತಯಾರಿಸಿದ ಸರಕು ಅತಿಯಾಗಿ ಮೆಚ್ಚುಗೆ ಪಡೆದ ಕಾರಣಕ್ಕೇ ಕದ ಹಾಕಬೇಕಾಗಿ ಬಂದ ಸಂಸ್ಥೆಗಳು ವಿರಳ. 1938ರಲ್ಲಿ ನ್ಯೂಯಾರ್ಕ್ ನಗರದ ಟೌನ್ಲಿ ಫ್ರಾಕ್ಸ್ ಎಂಬ ಸಿದ್ಧ ಉಡುಪು ಸಂಸ್ಥೆಗೆ ಒದಗಿದ್ದು ಅಂಥದೇ ವಿಚಿತ್ರ ಗತಿ. ಅದು ತಯಾರಿಸಿದ ಒಂದು ಉಡುಪನ್ನು ಊರೆಲ್ಲ ಮೆಚ್ಚಿತು, ಊರಿನ ಇತರ ತಯಾರಕರೆಲ್ಲ ನಕಲು ಮಾಡಿದರು. ಆ ನಕಲನ್ನು ತಡೆಯುವ ಹೋರಾಟದ ವೆಚ್ಚವನ್ನು ತಾಳಲಾರದೆ ಮೂಲ ತಯಾರಕನೇ ವ್ಯವಹಾರ ನಿಲ್ಲಿಸಬೇಕಾಯಿತು. ಎರಡು ವರ್ಷಗಳ ಅನಂತರ ಅದೇ ಸಂಸ್ಥೆ ಮರುಹುಟ್ಟು ಪಡೆದಾಗ ಅದರ ಉಡುಪುಗಳ ಲೇಬಲ್ಲಿನ ಮೇಲೆ ಹೊಸದೊಂದು ಹೆಸರಿತ್ತು: ಕ್ಲೇರ್ ಮೆಕಾರ್ಡೆಲ್.

ಅಮೆರಿಕದ ಸ್ಪೋರ್ಟ್ಸ್‌ವೇರ್ ಪರಂಪರೆಯನ್ನು ರೂಪಿಸಿದವರಲ್ಲಿ ಅಗ್ರಗಣ್ಯರೆಂದು ಇತಿಹಾಸಕಾರರು ಗುರುತಿಸುವ ಈ ವಿನ್ಯಾಸಕಿಯ ಬದುಕು ಫ್ಯಾಷನ್ ಪ್ರಿಯರಿಗಷ್ಟೇ ಸೀಮಿತವಾದ ವಿಷಯವಲ್ಲ. ಸರಕನ್ನು ಹುಟ್ಟುಹಾಕುವವರಿಗೂ ಅದನ್ನು ಮಾರುವವರಿಗೂ ನಡುವೆ ಹೆಸರು, ಬೆಲೆ, ಹಕ್ಕು ಇವುಗಳ ಸಂಬಂಧ ಹೇಗಿರಬೇಕು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಆದ್ದರಿಂದಲೇ ನಮ್ಮ ಓದುಗರ ಮುಂದೆ ಅದನ್ನು ಇರಿಸುತ್ತಿದ್ದೇವೆ.

ಆಟದ ಅಂಗಳದಿಂದ ದಿನದ ಬದುಕಿಗೆ

ಮೊದಲಿಗೆ ಸ್ಪೋರ್ಟ್ಸ್‌ವೇರ್ ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಟೆನಿಸ್, ಗಾಲ್ಫ್, ಈಜು, ಸೈಕಲ್ ಸವಾರಿ ಇವುಗಳಿಗೆಂದು ಹೊಲಿಯುತ್ತಿದ್ದ ಸಡಿಲ ಉಡುಪುಗಳಿಗೆ ಆ ಹೆಸರು ಮೊದಲು ಬಂತು. 1930ರ ದಶಕದ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ಅದರ ವ್ಯಾಪ್ತಿ ಹಿಗ್ಗಿತು. ಕಚೇರಿಗೆ, ಪ್ರಯಾಣಕ್ಕೆ, ಮನೆಗೆಲಸಕ್ಕೆ ಹೊಂದುವ, ಸುಲಭವಾಗಿ ಒಗೆಯಬಹುದಾದ, ಮೇಲಂಗಿ ಮತ್ತು ಸ್ಕರ್ಟುಗಳನ್ನು ಬಿಡಿಬಿಡಿಯಾಗಿ ಕೊಂಡು ಬೇಕಾದಂತೆ ಜೋಡಿಸಿ ತೊಡಬಹುದಾದ ಸಿದ್ಧ ಉಡುಪು ಎಂಬುದೇ ಅದರ ಅರ್ಥವಾಯಿತು. ಪ್ಯಾರಿಸ್‌ನ ಉಡುಪು ಒಬ್ಬ ಗಿರಾಕಿಯ ಮೈಯಳತೆಗೆ ಕೈಯಿಂದ ಹೊಲಿದದ್ದು. ಸ್ಪೋರ್ಟ್ಸ್‌ವೇರ್ ನಿಗದಿತ ಅಳತೆಗಳಲ್ಲಿ ಯಂತ್ರದ ಮೇಲೆ ಸಾವಿರಗಟ್ಟಲೆ ತಯಾರಾದದ್ದು. ಮೆಕಾರ್ಡೆಲ್ ಅವರ ಹಿರಿಮೆ ಇರುವುದು ಈ ಎರಡನೆಯ ಮಾರ್ಗವನ್ನು ಮೊದಲನೆಯದಕ್ಕೆ ಅಗ್ಗದ ಪರ್ಯಾಯವೆಂದು ಭಾವಿಸದೆ, ಅದಕ್ಕೆ ತನ್ನದೇ ಆದ ಘನತೆಯಿದೆ ಎಂದು ತೋರಿಸಿಕೊಟ್ಟದ್ದರಲ್ಲಿ.

ಕ್ಲೇರ್ ಮೆಕಾರ್ಡೆಲ್ ಜನಿಸಿದ್ದು 1905ರ ಮೇ 24ರಂದು, ಮೇರಿಲ್ಯಾಂಡ್ ಸಂಸ್ಥಾನದ ಫ್ರೆಡರಿಕ್ ಎಂಬ ಪಟ್ಟಣದಲ್ಲಿ. ತಂದೆ ಬ್ಯಾಂಕೊಂದರ ಅಧ್ಯಕ್ಷರು, ಸಂಸ್ಥಾನದ ಸೆನೆಟ್ ಸದಸ್ಯರೂ ಆಗಿದ್ದವರು. ಅನುಕೂಲಸ್ಥ ಕುಟುಂಬದ ಮಗಳು ಊರಿನ ಹುಡ್ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಯಲಿ ಎಂಬುದು ಮನೆಯವರ ಅಪೇಕ್ಷೆ. ಎರಡು ವರ್ಷಗಳ ಅನಂತರ ಅದನ್ನು ಬಿಟ್ಟು ಅವರು ನ್ಯೂಯಾರ್ಕ್‌ನ ಲಲಿತ ಮತ್ತು ಅನ್ವಯಿಕ ಕಲಾಶಾಲೆಗೆ ಸೇರಿದರು. ಮುಂದೆ ಪಾರ್ಸನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಶಾಲೆಗೆ ಪ್ಯಾರಿಸ್‌ನಲ್ಲಿಯೂ ಒಂದು ಶಾಖೆಯಿತ್ತು. ಅಲ್ಲಿ ಕಲಿಯುತ್ತಿದ್ದಾಗ ಮದ್ಲೇನ್ ವಿಯೊನೆ ಎಂಬ ಮಹಾ ವಿನ್ಯಾಸಕಿಯ ಉಡುಪುಗಳನ್ನು ಕೊಂಡು ತಂದು, ಹೊಲಿಗೆ ಬಿಚ್ಚಿ, ತುಂಡು ತುಂಡಾಗಿ ಹರಡಿ, ಬಟ್ಟೆಯನ್ನು ಹೇಗೆ ಕತ್ತರಿಸಲಾಗಿದೆ ಎಂಬುದನ್ನು ಅವರು ಅಭ್ಯಸಿಸಿದರು. ನಮ್ಮ ದರ್ಜಿಗಳು ‘ಕ್ರಾಸ್ ಕಟಿಂಗ್’ ಎಂದು ಕರೆಯುವ ಓರೆ ಕತ್ತರಿಕೆಯ ಗುಟ್ಟು ಅವರಿಗೆ ದಕ್ಕಿದ್ದು ಹೀಗೆ. 1928ರಲ್ಲಿ ವ್ಯಾಸಂಗ ಮುಗಿಯಿತು.

ಏಳನೆಯ ಬೀದಿಯ ಪಾಠಶಾಲೆ

ಪದವಿ ಪಡೆದೊಡನೆ ಅವಕಾಶಗಳೇನೂ ಕಾದಿರಲಿಲ್ಲ. ದೀಪದ ಮುಸುಕುಗಳ ಮೇಲೆ ಹೂವಿನ ಚಿತ್ರ ಬಿಡಿಸುವಂಥ ಸಣ್ಣಪುಟ್ಟ ಕೆಲಸಗಳಿಂದ ಜೀವನ ಸಾಗಿತು. ಬಳಿಕ ರಾಬರ್ಟ್ ಟರ್ಕ್ ಎಂಬ ವಿನ್ಯಾಸಕರ ಸಹಾಯಕಿಯಾಗಿ ಸೇರಿದರು. ಟರ್ಕ್ ಅವರು ಮ್ಯಾನ್‌ಹ್ಯಾಟನ್‌ನ ಏಳನೆಯ ಅವೆನ್ಯೂನಲ್ಲಿದ್ದ ಟೌನ್ಲಿ ಫ್ರಾಕ್ಸ್ ಸಂಸ್ಥೆಗೆ ಹೋದಾಗ ಮೆಕಾರ್ಡೆಲ್ ಅವರನ್ನೂ ಜೊತೆಗೆ ಕರೆದೊಯ್ದರು. 1932ರಲ್ಲಿ ಟರ್ಕ್ ನೀರಿನಲ್ಲಿ ಮುಳುಗಿ ಅಕಾಲ ಮರಣಕ್ಕೀಡಾದರು. ಮುಂದಿನ ಋತುವಿನ ಉಡುಪುಗಳ ಸಾಲು ಅರ್ಧದಲ್ಲಿ ನಿಂತಿತ್ತು. ಅದನ್ನು ಪೂರ್ಣಗೊಳಿಸುವ ಹೊಣೆ ಇಪ್ಪತ್ತೇಳರ ಹರೆಯದ ಸಹಾಯಕಿಯ ಹೆಗಲಿಗೆ ಬಿತ್ತು.

ಆಗಿನ ಅಮೆರಿಕನ್ ಉಡುಪು ಉದ್ಯಮದ ಸ್ವರೂಪವನ್ನು ಇಲ್ಲಿ ನೆನೆಯುವುದು ಉಚಿತ. ತಯಾರಕರು ವರ್ಷಕ್ಕೆರಡು ಬಾರಿ ಪ್ಯಾರಿಸ್‌ನತ್ತ ಮುಖಮಾಡುತ್ತಿದ್ದರು. ಅಲ್ಲಿನ ಪ್ರದರ್ಶನಗಳನ್ನು ನೋಡಿ, ಕೆಲವು ಮಾದರಿಗಳನ್ನು ಕೊಂಡು, ಹಲವನ್ನು ಕಣ್ಣಳತೆಯಲ್ಲೇ ಕದ್ದು ತಂದು, ಅವನ್ನೇ ಅಗ್ಗದ ಬೆಲೆಗೆ ಹೊಲಿದು ಮಾರುವುದು ವಾಡಿಕೆ. ವಿನ್ಯಾಸಕನಿಗೆ ಹೆಸರಿರಲಿಲ್ಲ, ಲೇಬಲ್ಲಿನ ಮೇಲೆ ಇರುತ್ತಿದ್ದುದು ಅಂಗಡಿಯ ಹೆಸರು, ಇಲ್ಲವೇ ತಯಾರಕನ ಹೆಸರು. ಮೆಕಾರ್ಡೆಲ್ ಅವರಿಗೆ ಈ ಪರಿಪಾಠ ಹಿಡಿಸಲಿಲ್ಲ. ಅಮೆರಿಕದ ಮಹಿಳೆಯ ದಿನಚರಿಯೇ ಬೇರೆ. ಆಕೆ ವಾಹನ ನಡೆಸುತ್ತಾಳೆ, ದುಡಿಯುತ್ತಾಳೆ, ಸಹಾಯಕರಿಲ್ಲದೆ ತಾನೇ ಉಡುಪು ತೊಡುತ್ತಾಳೆ ಎಂಬುದನ್ನು ಅವರು ತಮ್ಮ ಅನುಭವದಿಂದಲೇ ಬಲ್ಲವರಾಗಿದ್ದರು. ತಮಗೆ ಬೇಕಾದದ್ದೇ ಇತರರಿಗೂ ಬೇಕಾದೀತು ಎಂಬ ನಂಬಿಕೆ ಅವರ ವಿನ್ಯಾಸದ ಮೂಲಮಂತ್ರವಾಯಿತು.

1934ರಲ್ಲಿ ಅವರು ಕೆಲವೇ ಬಿಡಿ ಉಡುಪುಗಳ ಒಂದು ಕಟ್ಟನ್ನು ಸಿದ್ಧಪಡಿಸಿದರು. ಒಂದನ್ನೊಂದು ಅದಲುಬದಲು ಮಾಡಿ ತೊಟ್ಟರೆ ಸಣ್ಣದೊಂದು ಪೆಟ್ಟಿಗೆಯಲ್ಲಿ ಇಡೀ ಪ್ರವಾಸದ ಉಡುಪು ಹಿಡಿಸುತ್ತಿತ್ತು. ಆದರೆ ಉಡುಪನ್ನು ಇಡಿಯಾಗಿ ಮಾರುವ ರೂಢಿಯಿದ್ದ ಅಂಗಡಿಗಳ ಖರೀದಿದಾರರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಇಂದು ಜಗತ್ತಿನ ಯಾವ ಬಟ್ಟೆ ಅಂಗಡಿಗೆ ಹೋದರೂ ಕಾಣುವ ಈ ಕ್ರಮಕ್ಕೆ ಅಂದು ಮಾರಾಟದ ಕಪಾಟಿನಲ್ಲೇ ಜಾಗವಿರಲಿಲ್ಲ ಎಂಬುದು ಗಮನಾರ್ಹ.

ನಿಲುವಂಗಿಯ ಗೆಲುವು ಮತ್ತು ಸೋಲು

1938ರಲ್ಲಿ ಬಂದದ್ದು ‘ಮೊನಾಸ್ಟಿಕ್’ ಎಂದು ಹೆಸರಾದ ಉಡುಪು. ನಡುವಿನಲ್ಲಿ ಯಾವ ಹೊಲಿಗೆಯೂ ಇಲ್ಲದೆ ಹೆಗಲಿನಿಂದ ನೇರವಾಗಿ ಇಳಿಬೀಳುವ, ಕ್ರೈಸ್ತ ಸಂನ್ಯಾಸಿಗಳ ನಿಲುವಂಗಿಯನ್ನು ಹೋಲುವ ಅಂಗಿ ಅದು. ನೇತುಹಾಕಿದಾಗ ಚೀಲದಂತೆ ಕಾಣುತ್ತಿತ್ತು. ತೊಟ್ಟವರು ತಮ್ಮ ಮೈಗೆ ಹೊಂದುವಂತೆ ನಡುಪಟ್ಟಿ ಬಿಗಿದಾಗ ಮಾತ್ರ ಅದಕ್ಕೆ ಆಕಾರ ಬರುತ್ತಿತ್ತು. ಸಾಮೂಹಿಕ ಉತ್ಪಾದನೆಯ ದೃಷ್ಟಿಯಿಂದ ಇದೊಂದು ಜಾಣ ಉಪಾಯ: ಅಳತೆಗೆ ಸರಿಹೊಂದಿಸುವ ಕೆಲಸವನ್ನು ದರ್ಜಿಯ ಬದಲು ತೊಡುವವರೇ ಮಾಡಿಕೊಳ್ಳುತ್ತಿದ್ದರು. ಬೆಸ್ಟ್ ಅಂಡ್ ಕಂಪನಿ ಎಂಬ ಮಳಿಗೆ 29.95 ಡಾಲರ್ ಬೆಲೆಗೆ ಇದನ್ನು ಜಾಹೀರು ಮಾಡಿದಾಗ ಒಂದೇ ದಿನದಲ್ಲಿ 100 ಉಡುಪುಗಳು ಬಿಕರಿಯಾದವು.

ಮರುಕ್ಷಣವೇ ನಕಲು ಆರಂಭವಾಯಿತು. ಅಮೆರಿಕದ ಕೃತಿಸ್ವಾಮ್ಯ ಕಾನೂನು ಉಡುಪನ್ನು ಉಪಯೋಗದ ವಸ್ತುವೆಂದು ಪರಿಗಣಿಸುತ್ತಿದ್ದುದರಿಂದ ಅದರ ಕತ್ತರಿಕೆಗೆ ರಕ್ಷಣೆ ಇರಲಿಲ್ಲ. ಸರಳವಾದ ಉಡುಪನ್ನು ನಕಲು ಮಾಡುವುದೂ ಸರಳವೇ. ನಕಲುಗಾರರನ್ನು ಬೆನ್ನಟ್ಟುವ ವೆಚ್ಚದ ಭಾರಕ್ಕೆ ಟೌನ್ಲಿ ಕುಸಿಯಿತು.

ಈ ಸಂಕಟ ಟೌನ್ಲಿಯೊಂದರದೇ ಆಗಿರಲಿಲ್ಲ. ನಕಲಿನ ವಿರುದ್ಧ ತಯಾರಕರು 1932ರಲ್ಲಿಯೇ ‘ಫ್ಯಾಷನ್ ಒರಿಜಿನೇಟರ್ಸ್ ಗಿಲ್ಡ್ ಆಫ್ ಅಮೆರಿಕ’ ಎಂಬ ಸಂಘವನ್ನು ಕಟ್ಟಿಕೊಂಡಿದ್ದರು. ಸದಸ್ಯರು ತಮ್ಮ ವಿನ್ಯಾಸಗಳನ್ನು ಸಂಘದಲ್ಲಿ ನೋಂದಾಯಿಸುವುದು. ನಕಲು ಸರಕನ್ನು ಮಾರುವ ಅಂಗಡಿಗೆ ಯಾವ ಸದಸ್ಯನೂ ಉಡುಪು ಪೂರೈಸದಿರುವುದು. ಇದು ಸಂಘದ ಕಟ್ಟುಪಾಡು. 12,000ಕ್ಕೂ ಹೆಚ್ಚು ಚಿಲ್ಲರೆ ವರ್ತಕರು ಇದಕ್ಕೆ ಸಹಿ ಹಾಕಿದ್ದರು. ಸಗಟು ಬೆಲೆ 10.75 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿದ್ದ ಮಹಿಳೆಯರ ಉಡುಪುಗಳಲ್ಲಿ ಶೇ. 60ಕ್ಕೂ ಹೆಚ್ಚು ಪಾಲು 1936ರಲ್ಲಿ ಈ ಸಂಘದ ಸದಸ್ಯರದಾಗಿತ್ತು. ಆದರೆ 1941ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ವ್ಯವಸ್ಥೆಯನ್ನು ಅಸಿಂಧುಗೊಳಿಸಿತು. ನಕಲು ತಪ್ಪೇ ಆಗಿದ್ದರೂ ವರ್ತಕರು ಒಗ್ಗೂಡಿ ಬಹಿಷ್ಕಾರ ಹೂಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಹೀಗೆ ಕಾನೂನಿನ ಬಾಗಿಲು ಮೊದಲೇ ಮುಚ್ಚಿತ್ತು. ಸಂಘಬಲದ ಬಾಗಿಲೂ ಮುಚ್ಚಿತು. ಸ್ವಂತ ವಿನ್ಯಾಸವನ್ನು ನಂಬಿದ ತಯಾರಕನಿಗೆ ಉಳಿದಿದ್ದ ದಾರಿಗಳು ಎರಡೇ: ಗಿರಾಕಿ ಹುಡುಕಿಕೊಂಡು ಬರುವಂಥ ಹೆಸರು, ಮತ್ತು ನಕಲುಗಾರನಿಗೆ ಲಾಭವೇ ಉಳಿಯದಂಥ ಬೆಲೆ.

ಲೇಬಲ್ಲಿನ ಮೇಲೆ ಹೆಸರು

ಟೌನ್ಲಿ ಮುಚ್ಚಿದ ಬಳಿಕ ಮೆಕಾರ್ಡೆಲ್ ಅವರು ಸಿರಿವಂತರಿಗೆ ಉಡುಪು ಒದಗಿಸುತ್ತಿದ್ದ ಹ್ಯಾಟಿ ಕಾರ್ನೆಗಿ ಅವರ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಆದರೆ ಬೆಲೆಗೆ ತಕ್ಕ ಆಡಂಬರವನ್ನು ನಿರೀಕ್ಷಿಸುತ್ತಿದ್ದ ಆ ಗಿರಾಕಿಗಳಿಗೆ ಇವರ ಸರಳ ಉಡುಪು ಸಪ್ಪೆಯೆನಿಸಿತು. 1940ರಲ್ಲಿ ಅಡಾಲ್ಫ್ ಕ್ಲೈನ್ ಎಂಬ ವ್ಯವಹಾರಸ್ಥರ ಆಡಳಿತದಲ್ಲಿ ಟೌನ್ಲಿ ಪುನರಾರಂಭಗೊಂಡಿತು. ಮೆಕಾರ್ಡೆಲ್ ಮರಳಿ ಬಂದರು. ಈ ಬಾರಿ ಲೇಬಲ್ಲಿನ ಮೇಲೆ ‘ಕ್ಲೇರ್ ಮೆಕಾರ್ಡೆಲ್ ಕ್ಲೋತ್ಸ್ ಬೈ ಟೌನ್ಲಿ’ ಎಂದಿತ್ತು. ತಯಾರಕನ ಹೆಸರಿಗಿಂತ ಮೊದಲು ವಿನ್ಯಾಸಕಿಯ ಹೆಸರು! ಸಗಟು ಉಡುಪಿನ ಲೋಕದಲ್ಲಿ ಇದು ತೀರ ಅಪರೂಪದ ಗೌರವವಾಗಿತ್ತು.

ಕಾಲವೂ ಕೂಡಿಬಂತು. 1940ರ ಜೂನ್‌ನಲ್ಲಿ ಪ್ಯಾರಿಸ್ ಜರ್ಮನ್ ಸೇನೆಯ ವಶವಾಯಿತು. ನಾಲ್ಕು ವರ್ಷಗಳ ಕಾಲ ಅಮೆರಿಕದ ಉದ್ಯಮಕ್ಕೆ ಅನುಕರಿಸಲು ಮಾದರಿಗಳೇ ಇಲ್ಲವಾದವು. ಲಾರ್ಡ್ ಅಂಡ್ ಟೇಲರ್ ಮಳಿಗೆಯ ಡೊರೊಥಿ ಶೇವರ್ ಅವರು 1930ರ ದಶಕದಿಂದಲೇ ಸ್ವದೇಶಿ ವಿನ್ಯಾಸಕರನ್ನು ಹೆಸರಿಸಿ ಜಾಹೀರಾತು ನೀಡುತ್ತಿದ್ದರು. ಯುದ್ಧಕಾಲದಲ್ಲಿ ಆ ಪ್ರಯತ್ನಕ್ಕೆ ಹೊಸ ಬಲ ಬಂತು.

ಕೊರತೆಯಿಂದ ಹುಟ್ಟಿದ ಜಾಣ್ಮೆ

ಅಮೆರಿಕ ಯುದ್ಧಕ್ಕಿಳಿದ ಮೇಲೆ ಬಟ್ಟೆಗೂ ಮಿತಿ ಬಂತು. ಯುದ್ಧಕಾಲದ ಉತ್ಪಾದನಾ ಮಂಡಳಿಯು 1942ರಲ್ಲಿ ಎಲ್-85 ಎಂಬ ಆದೇಶವನ್ನು ಹೊರಡಿಸಿ ಸ್ಕರ್ಟಿನ ಉದ್ದ, ಅಗಲ, ಮಡಿಕೆಗಳ ಮೇಲೆ ಕಟ್ಟಳೆ ವಿಧಿಸಿತು. ಉಳಿದವರು ಈ ಕೊರತೆಯನ್ನು ಶಾಪವೆಂದು ಬಗೆದರೆ ಮೆಕಾರ್ಡೆಲ್ ಅವರಿಗೆ ಅದು ತಮ್ಮ ಮಾರ್ಗಕ್ಕೆ ದೊರೆತ ಸಮರ್ಥನೆಯಾಯಿತು. ಡೆನಿಮ್, ಹತ್ತಿಯ ಚೌಕಳಿ ಬಟ್ಟೆ, ಉಣ್ಣೆಯ ಜೆರ್ಸಿ, ಹಾಸಿಗೆಗೆ ಹಾಕುವ ಪಟ್ಟೆ ಬಟ್ಟೆ ಮುಂತಾದ ದಿನಬಳಕೆಯ ಅರಿವೆಗಳಿಂದಲೇ ಅವರು ಉತ್ತಮ ಉಡುಪುಗಳನ್ನು ರೂಪಿಸಿದರು.

ಮನೆಯ ಆಳುಕಾಳುಗಳು ಯುದ್ಧೋದ್ಯಮದ ಕಾರ್ಖಾನೆಗಳಿಗೆ ಹೋದಾಗ ಮನೆಗೆಲಸ ಒಡತಿಯ ಪಾಲಿಗೆ ಬಂತು. ಅಡುಗೆ ಮಾಡುತ್ತಲೂ ಅತಿಥಿಗಳನ್ನು ಎದುರುಗೊಳ್ಳುತ್ತಲೂ ತೊಡಬಹುದಾದ ಉಡುಪೊಂದು ಬೇಕೆಂದು ಹಾರ್ಪರ್ಸ್ ಬಜಾರ್ ನಿಯತಕಾಲಿಕೆ ಕೇಳಿತು. ಅದಕ್ಕೆ ಉತ್ತರವಾಗಿ 1942ರಲ್ಲಿ ಬಂದದ್ದೇ ‘ಪಾಪ್‌ಓವರ್’: ಮೈಗೆ ಸುತ್ತಿ ಕಟ್ಟಿಕೊಳ್ಳುವ ಡೆನಿಮ್ ಅಂಗಿ, ದೊಡ್ಡದೊಂದು ಜೇಬು, ಬಿಸಿ ಪಾತ್ರೆ ಹಿಡಿಯಲು ಅಂಗಿಗೇ ಸೇರಿಸಿದ ದಪ್ಪ ಕೈಗವಸು. ಇದನ್ನು ಅಗತ್ಯ ಬಳಕೆಯ ಉಡುಪೆಂದು ವರ್ಗೀಕರಿಸಿದ್ದರಿಂದ ಕಡಿಮೆ ವೆಚ್ಚದಲ್ಲಿ ಹೊಲಿಸಲು ಸಾಧ್ಯವಾಯಿತು. ಬೆಲೆ 6.95 ಡಾಲರ್. ಮೊದಲ ಋತುವಿನಲ್ಲೇ 75,000 ಉಡುಪುಗಳು ಮಾರಾಟವಾದವು. ಅನಂತರದ ವರ್ಷಗಳಲ್ಲಿ ಪಾಪ್‌ಓವರ್ ಬೇರೆ ಬೇರೆ ಬಟ್ಟೆಗಳಲ್ಲಿ ಮತ್ತೆ ಮತ್ತೆ ಬಂತು.

ಈ ಎರಡು ಉಡುಪುಗಳ ಲೆಕ್ಕವನ್ನು ಅಕ್ಕಪಕ್ಕ ಇರಿಸಿ ನೋಡಬೇಕು. ನಾಲ್ಕು ವರ್ಷಗಳ ಹಿಂದಿನ ಮೊನಾಸ್ಟಿಕ್ ಹೆಚ್ಚಿನ ಬೆಲೆಯದು, ಅನಾಮಧೇಯ ವಿನ್ಯಾಸಕಿಯದು. ನಕಲುಗಾರ ಅದನ್ನು ಅಗ್ಗಕ್ಕೆ ಮಾರಿ ಲಾಭ ಗಳಿಸಬಹುದಿತ್ತು. ಪಾಪ್‌ಓವರ್ ಬೆಲೆ ಅದರ ಕಾಲುಭಾಗಕ್ಕೂ ಕಡಿಮೆ, ಮೇಲಾಗಿ ಜನ ಗುರುತಿಸುವ ಹೆಸರು ಅದರ ಮೇಲಿತ್ತು. ಅದಕ್ಕಿಂತ ಅಗ್ಗಕ್ಕೆ ನಕಲು ಹೊಲಿದು ಗಳಿಸುವುದಾದರೂ ಎಷ್ಟು? ನ್ಯಾಯಾಲಯದಲ್ಲಿ ದೊರೆಯದ ರಕ್ಷಣೆಯನ್ನು ಬೆಲೆ ಮತ್ತು ಹೆಸರು ಮಾರುಕಟ್ಟೆಯಲ್ಲಿ ಒದಗಿಸಿಕೊಟ್ಟವು.

ಪಾದರಕ್ಷೆಯ ವಿಷಯದಲ್ಲಿಯೂ ಇದೇ ಜಾಣ್ಮೆ ಕಾಣುತ್ತದೆ. 1943ರಲ್ಲಿ ಚರ್ಮದ ಪಾದರಕ್ಷೆಗಳಿಗೆ ಪಡಿತರ ಬಂದಾಗ ನೃತ್ಯದ ಪಾದರಕ್ಷೆಗಳು ಅದರಿಂದ ಹೊರಗುಳಿದವು. ಮೆಕಾರ್ಡೆಲ್ ಅವರು ನೃತ್ಯದ ಪಾದರಕ್ಷೆ ತಯಾರಿಸುವ ಕಾಪೆಜಿಯೊ ಸಂಸ್ಥೆಯನ್ನು ಸಂಪರ್ಕಿಸಿ, ಬ್ಯಾಲೆ ಪಾದರಕ್ಷೆಗೆ ಗಟ್ಟಿ ಅಟ್ಟೆ ಹೊಲಿಸಿ, ತಮ್ಮ ಉಡುಪುಗಳ ಬಟ್ಟೆಯಿಂದಲೇ ಅದನ್ನು ಹೊದಿಸಿದರು. ಇಂದಿಗೂ ಮಾರುಕಟ್ಟೆಯಲ್ಲಿರುವ ‘ಬ್ಯಾಲೆ ಫ್ಲಾಟ್’ ಬೀದಿಗೆ ಬಂದದ್ದು ಬಹುಮಟ್ಟಿಗೆ ಈ ಮಾರ್ಗದಿಂದಲೇ.

ಅವರ ಉಡುಪುಗಳ ಗುಣವಿದ್ದುದು ಇಂಥ ಸಣ್ಣ ಸಂಗತಿಗಳಲ್ಲಿಯೇ. ಮಹಿಳೆಯರ ಉಡುಪಿಗೂ ಕೈ ಇಳಿಬಿಡುವಷ್ಟು ಆಳವಾದ ಜೇಬು. ಬೆನ್ನಿಗೆ ಕೈಚಾಚಿ ಪರದಾಡದಂತೆ ಮಗ್ಗುಲಲ್ಲಿ ಜಿಪ್. ಮರೆಮಾಚದೆ ಎದ್ದುಕಾಣುವಂತೆ ಇರಿಸಿದ ಹಿತ್ತಾಳೆಯ ಕೊಕ್ಕೆಗಳು. ಕೆಲಸಗಾರರ ಉಡುಪಿನಿಂದ ಎರವಲು ಪಡೆದ ಜೋಡಿ ಹೊಲಿಗೆ. ನಡುವನ್ನು ಬೇಕಾದಷ್ಟು ಬಿಗಿಯಲು ಸಣ್ಣ ದಾರಗಳು. ಗಾಳಿಗೂಡಿನಂಥ ಒಳಚೌಕಟ್ಟು, ಹೆಗಲಿಗೆ ತುರುಕಿದ ಹತ್ತಿ ಇವು ಯಾವುವೂ ಇರಲಿಲ್ಲ. 1947ರಲ್ಲಿ ಪ್ಯಾರಿಸ್‌ನ ಕ್ರಿಶ್ಚಿಯನ್ ಡಿಯೋರ್ ಅವರು ಬಿಗಿನಡುವಿನ ಉಡುಪನ್ನು ತಂದು ಜಗತ್ತನ್ನು ಬೆರಗುಗೊಳಿಸಿದಾಗಲೂ ಮೆಕಾರ್ಡೆಲ್ ಅವರು ತಮ್ಮ ದಾರಿಯನ್ನು ಬಿಡಲಿಲ್ಲ.

ಮನ್ನಣೆ ಮತ್ತು ಅಂತ್ಯ

1944ರಲ್ಲಿ ಕೋಟಿ ಪ್ರಶಸ್ತಿ, 1948ರಲ್ಲಿ ನೀಮನ್ ಮಾರ್ಕಸ್ ಪ್ರಶಸ್ತಿ ಅವರನ್ನು ಅರಸಿ ಬಂದವು. 1950ರಲ್ಲಿ ಮಹಿಳಾ ರಾಷ್ಟ್ರೀಯ ಪತ್ರಕರ್ತರ ಕ್ಲಬ್ಬಿನ ಗೌರವ ಸಂದಿತು. 1952ರ ಹೊತ್ತಿಗೆ ಅವರು ಟೌನ್ಲಿಯ ಪಾಲುದಾರರೂ ಆಗಿದ್ದರು. ಒಂದು ಕಾಲಕ್ಕೆ ಹೆಸರೇ ಇಲ್ಲದೆ ದುಡಿದ ಸಂಸ್ಥೆಯಲ್ಲಿ ಹೆಸರು ದೊರೆತು, ಹೆಸರಿನ ಬಲದಿಂದ ಒಡೆತನವೂ ದೊರೆಯಿತು. 1955ರ ಮೇ 2ರ ಟೈಮ್ ವಾರಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ರಾರಾಜಿಸಿತು. ಮರುವರ್ಷ ‘ವಾಟ್ ಶಲ್ ಐ ವೇರ್?’ ಎಂಬ ಅವರ ಪುಸ್ತಕ ಪ್ರಕಟವಾಯಿತು.

ಆದರೆ ಆಯುಷ್ಯ ಜೊತೆಗೊಡಲಿಲ್ಲ. ಕರುಳಿನ ಕ್ಯಾನ್ಸರ್‌ಗೆ ತುತ್ತಾದ ಅವರು ಆಸ್ಪತ್ರೆಯ ಹಾಸಿಗೆಯಿಂದಲೇ, ಸಹಪಾಠಿಯೂ ಗೆಳತಿಯೂ ಆಗಿದ್ದ ಮಿಲ್ಡ್ರೆಡ್ ಆರಿಕ್ ಅವರ ನೆರವಿನಿಂದ, ಕೊನೆಯ ಉಡುಪುಗಳ ಸಾಲನ್ನು ಪೂರೈಸಿದರು. 1958ರ ಮಾರ್ಚ್ 22ರಂದು, 52ರ ವಯಸ್ಸಿನಲ್ಲಿ ನಿಧನರಾದರು. ಅವರೊಂದಿಗೆ ಆ ಲೇಬಲ್ಲೂ ಅಂತ್ಯ ಕಂಡಿತು.

ವ್ಯವಹಾರದ ದೃಷ್ಟಿಯಿಂದ ಇದು ಆಲೋಚಿಸತಕ್ಕ ವಿಷಯ. ಅದೇ ಕಾಲದ ಡಿಯೋರ್ ಅವರು 1957ರಲ್ಲಿ ತೀರಿಕೊಂಡಾಗ ಯುವ ಸಹಾಯಕ ಈವ್ ಸೇಂಟ್ ಲಾರೆಂಟ್ ಆ ಸ್ಥಾನಕ್ಕೆ ಬಂದರು. ಡಿಯೋರ್ ಹೆಸರು ಇಂದಿಗೂ ಜಗತ್ತಿನಾದ್ಯಂತ ವಹಿವಾಟು ನಡೆಸುತ್ತಿದೆ. ಮೆಕಾರ್ಡೆಲ್ ಹೆಸರಿಗೆ ಉತ್ತರಾಧಿಕಾರಿ ಇರಲಿಲ್ಲ. ಆದ್ದರಿಂದ ಅವರ ಉಡುಪಿನ ಮಾದರಿಗಳು ಎಲ್ಲೆಡೆ ಉಳಿದವು, ಅವರ ಹೆಸರು ಜನರ ನೆನಪಿನಿಂದ ಬಹುಕಾಲ ಮರೆಯಾಯಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಅವರ ಉಡುಪುಗಳನ್ನು ಕಾಪಿಟ್ಟಿದೆ. 1998ರಲ್ಲಿ ಅದೇ ನಗರದ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅವರ ಕುರಿತು ಪ್ರದರ್ಶನ ನಡೆಯಿತು. 2021ರಲ್ಲಿ ಹುಟ್ಟೂರು ಫ್ರೆಡರಿಕ್ ಅವರ ಪ್ರತಿಮೆಯನ್ನು ಸ್ಥಾಪಿಸಿತು. 2025ರಲ್ಲಿ ಎಲಿಜಬೆತ್ ಎವಿಟ್ಸ್ ಡಿಕಿನ್ಸನ್ ಅವರು ಬರೆದ ಜೀವನಚರಿತ್ರೆ ಹೊರಬಂತು.

ನಮ್ಮ ಉದ್ಯಮಕ್ಕೆ ಒಂದು ಮಾತು

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳಿಂದ ದೊಡ್ಡಬಳ್ಳಾಪುರದವರೆಗೆ ಹರಡಿರುವ ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳು ಅಮೆರಿಕದ ಮಾರುಕಟ್ಟೆಗೆ ಹೊಲಿದು ಕಳುಹಿಸುವುದು ಬಹುಪಾಲು ಇಂಥ ಬಿಡಿ ಉಡುಪುಗಳನ್ನೇ. ಹೊಲಿಗೆ ನಮ್ಮದು, ಲೇಬಲ್ ಅನ್ಯರದು. ಸ್ವಂತ ವಿನ್ಯಾಸ, ಸ್ವಂತ ಹೆಸರಿನ ಕಡೆಗೆ ಹೆಜ್ಜೆಯಿಡಬಯಸುವ ಉದ್ಯಮಿಗೆ 1938ರ ಟೌನ್ಲಿಗೆ ಇಲ್ಲದಿದ್ದ ಒಂದು ಅನುಕೂಲ ಭಾರತದಲ್ಲಿದೆ. 2000ರ ವಿನ್ಯಾಸ ಕಾಯಿದೆಯನ್ವಯ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಅರ್ಜಿ ಸಲ್ಲಿಸುವ ಮುನ್ನ ಆ ವಿನ್ಯಾಸ ಪ್ರಕಟವಾಗಿರಬಾರದು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ 50ಕ್ಕಿಂತ ಹೆಚ್ಚು ಪೀಸ್‌ಗಳನ್ನು ತಯಾರಿಸಿದರೆ, 1957ರ ಕೃತಿಸ್ವಾಮ್ಯ ಕಾಯಿದೆಯ 15ನೇ ಕಲಮಿನಂತೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ. ಐವತ್ತೊಂದನೆಯ ಪೀಸ್ ಯಂತ್ರಕ್ಕೇರುವ ಮೊದಲೇ ಅರ್ಜಿ ಕಚೇರಿ ಸೇರಿರಬೇಕು.

ಕಾನೂನಿನ ನೆರವು ಇದ್ದರೂ ಅದೊಂದೇ ಸಾಲದು. ತೊಡುವವರ ದಿನಚರಿಯನ್ನು ಅರಿತು ಮಾಡಿದ ಸರಕು, ಅವರ ಕೈಗೆಟಕುವ ಬೆಲೆ, ಅದನ್ನು ಮಾಡಿದವರ ಹೆಸರು, ಆ ಹೆಸರನ್ನು ಮುಂದಕ್ಕೆ ಒಯ್ಯಬಲ್ಲ ಉತ್ತರಾಧಿಕಾರ: ಈ ನಾಲ್ಕರಲ್ಲಿ ಮೊದಲ ಮೂರನ್ನು ಮೆಕಾರ್ಡೆಲ್ ಸಾಧಿಸಿದರು. ನಾಲ್ಕನೆಯದು ಒದಗದ ಕಾರಣ ಲಕ್ಷಾಂತರ ಮಹಿಳೆಯರು ಇಂದು ಜೇಬುಳ್ಳ ಸುತ್ತು ಅಂಗಿ ತೊಟ್ಟು ಬ್ಯಾಲೆ ಫ್ಲಾಟ್ ಮೆಟ್ಟಿ ಕೆಲಸಕ್ಕೆ ಹೊರಡುವಾಗಲೂ ಅವರ ಹೆಸರು ಯಾವ ಲೇಬಲ್ಲಿನಲ್ಲಿಯೂ ಕಾಣುವುದಿಲ್ಲ.